ಬೆಕ್ಕಿಗೆ ಬಂದ ಸೊನ್ನೆ

ಗಂಡನ ಮನೆಗೆ ಬೆಕ್ಕನ್ನು ಜೊತೆಗೆ ಕರೆದುಕೊಂಡು ಹೋದ ಹೆಣ್ಣು ನಮ್ಮ ಕಡೆ ನನಗಿಂತ ಮೊದಲು ಇದ್ದಳೋ ಇಲ್ಲವೋ, ನಾನು ಕೇಳಿಲ್ಲ. ಎಂಬತ್ತರ ದಶಕದ ನಡುವಿನ ಮಾತು ಇದು. ನನ್ನ ತವರು ಮೂಡಬಿದ್ರೆ. ಅಪ್ಪ ಅಂಚೆ ಕಚೇರಿಯಲ್ಲಿದ್ದರು. ಒಂದು ಬೆಳಿಗ್ಗೆ ಅಲ್ಲಿಯ ಅಂಚೆ ಚೀಲಗಳ ರಾಶಿಯ ಮೇಲೆ ಯಾವುದೋ ಬೆಕ್ಕು ಮರಿ ಹಾಕಿ, ಉಳಿದವನ್ನೆಲ್ಲ ಕಚ್ಚಿಕೊಂಡು ಹೋಗಿ ಒಂದನ್ನು ಮಾತ್ರ ಬಿಟ್ಟುಹೋಗಿತ್ತು. ಅಪ್ಪ ಅದನ್ನು ಕರವಸ್ತ್ರದಲ್ಲಿ ಸುತ್ತಿ ಮನೆಗೆ ತಂದರು. ಹತ್ತಿಯನ್ನು ಹಾಲಿನಲ್ಲಿ ಅದ್ದಿ ಬಾಯಿಗೆ ಹಿಂಡಿ ಹಿಂಡಿ ಅದನ್ನು ಬದುಕಿಸಿದವಳು ನಾನು. ಬಿಳಿ ಮೈ, ಬಾಲ ಮಾತ್ರ ಕಪ್ಪು. ಬೆಳೆದ ಮೇಲೆ ಅದು ಬೇರೆ ಯಾರ ಕೈಯಲ್ಲಿಯೂ ಸರಿಯಾಗಿ ಉಣ್ಣುತ್ತಿರಲಿಲ್ಲ. ಇದನ್ನು ಈಗ ಹೆಮ್ಮೆಯಿಂದ ಹೇಳುತ್ತೇನೆ. ಆಗ ಅದೊಂದು ಚಿಂತೆಯಾಗಿತ್ತು.

ನನ್ನ ಮದುವೆ ಮಡಂತ್ಯಾರಿನ ಒಬ್ಬ ಹೈಸ್ಕೂಲು ಮಾಸ್ತರರ ಜೊತೆ ಆಯಿತು. ಮದುವೆಯ ಬೆನ್ನಿಗೇ ಅಪ್ಪನಿಗೆ ಘಟ್ಟದ ಮೇಲಿನ ಊರಿಗೆ ವರ್ಗವಾಯಿತು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಕೋಣೆ ಮತ್ತು ಅಡುಗೆಗೆ ಒಂದು ಮೂಲೆ. ಮನೆಯ ಮಾಲೀಕರು ಬೆಕ್ಕು ಬೇಡ ಎಂದು ಮೊದಲೇ ಹೇಳಿದ್ದರಂತೆ. ಅಮ್ಮ ನನ್ನನ್ನು ನೋಡಲು ಬಂದಾಗ ಈ ವಿಷಯ ಹೇಳಿ ಕಣ್ಣು ಒರಸಿಕೊಂಡರು. ನಾನು ಹೆದರುತ್ತಾ ನನ್ನ ಗಂಡನ ಹತ್ತಿರ ಮಾತು ತೆಗೆದೆ.

"ಒಂದು ಬೆಕ್ಕಲ್ವಾ? ತಾ. ಮನೆಯಲ್ಲಿ ಇಲಿ ಉಂಟು, ಅಟ್ಟದಲ್ಲಿ ಹೆಗ್ಗಣ ಉಂಟು. ಬೆಕ್ಕೊಂದು ಕಡಿಮೆ ಇತ್ತು" ಎಂದರು ಅವರು. ಗಣಿತದ ಮಾಸ್ತರರು. ಯಾವುದನ್ನೂ ಹೆಚ್ಚು ಉದ್ದ ಮಾಡುವ ಜನ ಅಲ್ಲ.

ಮೂಡಬಿದ್ರೆಗೆ ಹೋಗಿ, ಸಿದ್ದಕಟ್ಟೆ ದಾರಿಯ ಬಸ್ಸಿನಲ್ಲಿ ಬಂಟ್ವಾಳಕ್ಕೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಮಡಂತ್ಯಾರಿಗೆ, ಮುಚ್ಚಳದ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಕಂಡಕ್ಟರ್ "ಎಂತ ಅಕ್ಕ, ಕೋಳಿಯಾ?" ಎಂದು ಕೇಳಿದ. ನಾನು ಉತ್ತರ ಹೇಳುವ ಮೊದಲೇ ಬುಟ್ಟಿ "ಮ್ಯಾಂವ್" ಎಂದಿತು. ಬಸ್ಸಿಡೀ ನಕ್ಕಿತು.

ನಮ್ಮ ಮನೆಮಾತು ತುಳು. ಅತ್ತೆಯನ್ನು ನಾನು ಕರೆಯುತ್ತಿದ್ದದ್ದು ಮಾಮಿ ಎಂದು. ಅವರು ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು ಇಬ್ಬರು ಗಂಡುಮಕ್ಕಳನ್ನು ಬೆಳೆಸಿದವರು. ದೊಡ್ಡವರು ನನ್ನ ಗಂಡ. ಚಿಕ್ಕವನು ಮಸ್ಕತ್ತಿನಲ್ಲಿ ಕೆಲಸಕ್ಕಿದ್ದ. ಅತ್ತೆ ಮಾತು ಕಡಿಮೆಯ ಹೆಂಗಸು. ಬುಟ್ಟಿಯ ಮುಚ್ಚಳ ತೆಗೆದು ಬೆಕ್ಕಿನ ಮುಖ ನೋಡಿ, "ಪುಚ್ಚೆ ದಷ್ಟಪುಷ್ಟ ಉಂಟು" ಎಂದರು. ಪುಚ್ಚೆ ಎಂದರೆ ತುಳುವಿನಲ್ಲಿ ಬೆಕ್ಕು. ಹೊಸ ಮನೆಯಿಂದ ಓಡಿಹೋಗದಿರಲಿ ಎಂದು ಅದನ್ನು ಎತ್ತಿಕೊಂಡು ಒಲೆಯ ಎದುರು ಒಂದು ಗಳಿಗೆ ನಿಂತರು, ಅದರ ಹಣೆಗೆ ಚೂರು ಬೂದಿ ಹಚ್ಚಿದರು. ನನ್ನನ್ನು ಮನೆ ತುಂಬಿಸಿಕೊಂಡಾಗಲೂ ಇಷ್ಟೇ ಮಾತಾಡಿದ್ದರು.

ಆ ಮನೆಯಲ್ಲಿ ಇನ್ನೊಂದು ಜೀವ ಇತ್ತು, ಅತ್ತೆಯ ನಾಯಿ. ಕಂದು ಬಣ್ಣದ, ದಪ್ಪ ಕೂದಲಿನ ಊರನಾಯಿ. ಅತ್ತೆ ಅದನ್ನು "ಮಗಾ" ಎಂದೇ ಕರೆಯುವುದು. ಅಂಗಳದಲ್ಲಿ ನಿಂತು "ಮಗಾ, ಬಾ, ಗಂಜಿ ಉಣ್ಣು" ಎಂದು ಅವರು ಕೂಗಿದರೆ ಒಳಗಿನಿಂದ ನನ್ನ ಗಂಡ "ಬಂದೆ ಅಮ್ಮ" ಎನ್ನುತ್ತಿದ್ದರು. "ನಿನ್ನನ್ನಲ್ಲ" ಎಂದು ಅತ್ತೆ. ಇದು ದಿನಾ ನಡೆಯುವ ತಮಾಷೆ. ಅಷ್ಟು ವರ್ಷ ಆ ನಾಯಿ ಇದ್ದದ್ದು ಹೊರಗೆ. ಹಗಲು ಅಂಗಳ, ರಾತ್ರಿ ಸೌದೆ ಕೊಟ್ಟಿಗೆ. ನನ್ನ ಬೆಕ್ಕು ಬಂದ ಮೇಲೆ ತೊಂದರೆ ಸುರುವಾಯಿತು. ಬೆಕ್ಕು ಕತ್ತಲಾದ ಮೇಲೆ ಅಡುಗೆಮನೆಯ ಕಿಟಕಿಯಿಂದ ಹೊರಗೆ ಹಾರುವುದು, ನಾಯಿ ಅದನ್ನು ತೆಂಗಿನಮರದವರೆಗೆ ಅಟ್ಟಿಸಿಕೊಂಡು ಹೋಗುವುದು. ಒಂದು ಸಲ ಬೆಕ್ಕಿನ ಕಿವಿ ಹರಿಯಿತು. ಆಗ ಅತ್ತೆಯೇ ಹೇಳಿದರು, "ಇನ್ನು ಸಂಜೆಯಾದ ಮೇಲೆ ಇವನನ್ನು ಒಳಗೆ ಹಾಕುವ. ಪಾಪ, ಬೆಕ್ಕು ಬೇರೆ ಊರಿನದ್ದು." ಹಾಗೆ ನಾಯಿ ಚಾವಡಿಯ ಪಕ್ಕದ ಸಣ್ಣ ಕೋಣೆಗೆ ಬಂತು. ಅಲ್ಲಿ ನನ್ನ ಗಂಡನ ಮೇಜು, ಪುಸ್ತಕದ ಕಪಾಟು, ಗೂಟಕ್ಕೆ ನೇತುಹಾಕಿದ ಅವರ ಅಂಗಿಗಳು. ನಾಯಿಗೆ ಅದು ಸ್ವರ್ಗವಾಯಿತು. ಅವರು ಉತ್ತರಪತ್ರಿಕೆ ತಿದ್ದುತ್ತಾ ಕೂತರೆ ಅದು ಅವರ ಪಾದದ ಮೇಲೆ ಗದ್ದ ಇಟ್ಟು ಮಲಗುತ್ತಿತ್ತು.

ಅತ್ತೆಯ ಆ ಔದಾರ್ಯ ನನ್ನನ್ನು ಕರಗಿಸಿಬಿಟ್ಟಿತು. ಈ ಮನೆಯಲ್ಲಿ ನನಗೆ ಒಳ್ಳೆಯದೇ ಆಗುತ್ತದೆ ಎಂದು ಅವತ್ತು ಅನಿಸಿತ್ತು.

ಸ್ವಲ್ಪ ದಿನ ಕಳೆದ ಮೇಲೆ ನನ್ನ ಗಂಡನಿಗೆ ಸೀನು ಹಿಡಿಯಿತು.

ಒಂದು ಸೀನು ಬಂದರೆ ಶುಭವೋ ಅಶುಭವೋ ಎಂದು ಲೆಕ್ಕ ಹಾಕುವವರು ನಮ್ಮ ಊರಿನಲ್ಲಿದ್ದರು. ಇವರ ಸೀನು ಲೆಕ್ಕಕ್ಕೆ ಸಿಗುವಂಥದ್ದಲ್ಲ. ಬೆಳಿಗ್ಗೆ ಅಂಗಿ ಹಾಕಿಕೊಳ್ಳುವಾಗ ಸುರುವಾದದ್ದು ಬಸ್ಸು ನಿಲ್ಲುವ ಜಾಗದವರೆಗೂ ಮುಗಿಯುತ್ತಿರಲಿಲ್ಲ. ಕಣ್ಣು ಕೆಂಪು, ಮೂಗು ಕೆಂಪು. ಕ್ಲಾಸಿನಲ್ಲಿ ಹಲಗೆಯ ಮೇಲೆ ಸಮೀಕರಣ ಬರೆಯುವಾಗ ಸೀನು ಬಂದು, ಬರೆಯಬೇಕಾದ ಸಂಖ್ಯೆಯೇ ಬದಲಾಗಿ, ಮಕ್ಕಳು ನಕ್ಕರಂತೆ. ಮೊದಲು ಸೀಮೆಸುಣ್ಣದ ಧೂಳು ಎಂದುಕೊಂಡೆವು. ಅವರು ಒದ್ದೆ ಬಟ್ಟೆಯಲ್ಲಿ ಹಲಗೆ ಒರಸಲು ಸುರುಮಾಡಿದರು. ಕಡಿಮೆಯಾಗಲಿಲ್ಲ. ಆಮೇಲೆ ನಾನು ಮುಡಿಯುವ ಮಲ್ಲಿಗೆಯ ಪರಿಮಳ ಇರಬಹುದು ಎಂದು ಪಕ್ಕದ ಮನೆಯವರು ಹೇಳಿದರು. ಮದುವೆಯಾದ ಹೊಸತು. ಸಂಜೆ ಮಲ್ಲಿಗೆ ಮುಡಿಯುವುದು ನನಗೆ ಆಸೆಯ ಸಂಗತಿ. ಅದನ್ನೂ ಬಿಟ್ಟೆ. ಸೀನು ಬಿಡಲಿಲ್ಲ.

ಪಕ್ಕದ ಮನೆಯ ಅದೇ ಹೆಂಗಸು ಒಂದು ದಿನ ಬಾವಿಕಟ್ಟೆಯ ಹತ್ತಿರ ಅತ್ತೆಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. "ಹುಡುಗಿ ಕಾಲಿಟ್ಟ ಮೇಲೆಯೇ ಅಲ್ವಾ ಇದು? ಮೊದಲು ಅವನಿಗೆ ಒಂದು ಶೀತ ಆದದ್ದು ಉಂಟಾ?"

ಅತ್ತೆ ಕೊಡವನ್ನು ಕಟ್ಟೆಯ ಮೇಲೆ ಕುಕ್ಕಿದ ಸದ್ದು ಕೇಳಿತು. "ಸೀನಿಗೂ ಕಾಲ್ಗುಣಕ್ಕೂ ಎಂತ ಸಂಬಂಧ ಮಾರಾಯ್ತಿ? ನನ್ನ ಸೊಸೆಯ ವಿಷಯ ನನ್ನ ಹತ್ತಿರ ಬೇಡ."

ನಾನು ಬಾಗಿಲ ಹಿಂದೆ ನಿಂತು ಕಣ್ಣೀರು ಹಾಕಿದೆ. ಆದರೆ ಅದೇ ಸಂಜೆ ತರಕಾರಿ ಹೆಚ್ಚುತ್ತಾ ಅವರು ನನ್ನನ್ನು ಹತ್ತಿರ ಕೂರಿಸಿಕೊಂಡರು.

"ಮಗಳೇ, ಹೇಳಿದರೆ ಬೇಜಾರಾಗಬಹುದು. ನೀನು ಅಲ್ಲ. ಬೆಕ್ಕು ಇರಬಹುದು. ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ದಮ್ಮು ಬರ್ತದೆ ಅಂತ ನನ್ನ ಅಜ್ಜಿ ಹೇಳ್ತಿದ್ದರು. ಸ್ವಲ್ಪ ದಿನ ಬೇರೆ ಎಲ್ಲಿಯಾದರೂ ಬಿಟ್ಟು ನೋಡುವ. ಕಡಿಮೆ ಆಗದಿದ್ದರೆ ಕರೆದುಕೊಂಡು ಬರುವ."

ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ವಿಟ್ಲದಲ್ಲಿ ನನ್ನ ಚಿಕ್ಕಮ್ಮನ ಮನೆ ಇತ್ತು. ಆ ಭಾನುವಾರ ನಾನೂ ನನ್ನ ಗಂಡನೂ ಅದೇ ಬುಟ್ಟಿ ಹಿಡಿದುಕೊಂಡು ಹೊರಟೆವು. ಬಿ.ಸಿ.ರೋಡಿನಲ್ಲಿ ವಿಟ್ಲದ ಬಸ್ಸಿಗೆ ಕಾಯುತ್ತಿರುವಾಗ ಅವರು ಬುಟ್ಟಿಯ ಸಂದಿಯಲ್ಲಿ ಬೆರಳು ತೂರಿಸಿ ಬೆಕ್ಕಿನ ಮೂಗನ್ನು ಮುಟ್ಟಿದರು. "ನನ್ನದೇ ತೊಂದರೆ. ಅದರದ್ದಲ್ಲ" ಎಂದರು. ಬೆಕ್ಕಿನ ಪಕ್ಕ ಅಷ್ಟು ಹೊತ್ತು ಕೂತಿದ್ದರೂ ಅವರು ಆ ದಿನ ಸೀನಲಿಲ್ಲ. ಅದು ನಮ್ಮಿಬ್ಬರ ಗಮನಕ್ಕೂ ಬರಲಿಲ್ಲ. ದುಃಖದಲ್ಲಿ ಯಾರು ಸೀನಿನ ಲೆಕ್ಕ ಇಡುತ್ತಾರೆ?

ಬೆಕ್ಕು ಹೋದ ಮೇಲೆ ಮನೆ ಖಾಲಿಯಾಯಿತು. ನಾನು ಮೀನು ಕುಯ್ಯಲು ಕೂತಾಗ ಮಗ್ಗುಲಿಗೆ ಬಂದು ಕೂರುವವರಿಲ್ಲ. ಅತ್ತೆಯೂ ಒಂದೆರಡು ಸಲ ಬೂತಾಯಿ ಮೀನಿನ ತಲೆಯನ್ನು ಅಭ್ಯಾಸಬಲದಿಂದ ಮೂಲೆಗೆ ಎಸೆದು, ಆಮೇಲೆ ತಾವೇ ಎದ್ದು ಹೆಕ್ಕಿದರು. ನಾಯಿ ಮಾತ್ರ ಕೋಣೆಯ ರುಚಿ ಬಿಡಲಿಲ್ಲ. ಬೆಕ್ಕಿಲ್ಲದಿದ್ದರೂ ಸಂಜೆಯಾಯಿತೆಂದರೆ ಬಾಗಿಲು ಕೆರೆಯುತ್ತಿತ್ತು. "ಇರಲಿ, ಅಭ್ಯಾಸ ಆಗಿಹೋಗಿದೆ" ಎಂದು ಅತ್ತೆ ಬಾಗಿಲು ತೆಗೆಯುತ್ತಿದ್ದರು.

ಸೀನು ನಿಲ್ಲಲಿಲ್ಲ. ಒಂದು ಸಂಜೆ ಪರೀಕ್ಷೆಯ ಪೇಪರು ತಿದ್ದುತ್ತಿದ್ದವರು ಪೆನ್ನು ಕೆಳಗಿಟ್ಟು ಎದೆ ಹಿಡಿದುಕೊಂಡರು. ಉಸಿರು ಎಳೆಯುವಾಗ ಕೊಳಲಿನ ಹಾಗೆ ಸದ್ದು. ನಾನು ಬೆನ್ನು ಉಜ್ಜಿದೆ, ಅತ್ತೆ ಬಿಸಿನೀರು ಕುಡಿಸಿದರು. ಹೊರಗೆ ಜಗಲಿಯಲ್ಲಿ ಕೂರಿಸಿದ ಮೇಲೆ ನಿಧಾನವಾಗಿ ಸರಿಹೋಯಿತು. ಅತ್ತೆಯ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅದನ್ನು ನೋಡಿದ ಮೇಲೆ ಬೆಕ್ಕನ್ನು ಹಿಂದೆ ತರುವ ಮಾತು ನಾನು ಎತ್ತಲಿಲ್ಲ. ಊರಿನ ಡಾಕ್ಟರು ಕೊಟ್ಟ ಮಾತ್ರೆಯಲ್ಲಿ ಸೀನು ತಗ್ಗುತ್ತಿತ್ತು, ಆದರೆ ಮಧ್ಯಾಹ್ನದ ಕ್ಲಾಸಿನಲ್ಲಿ ಮಕ್ಕಳಿಗಿಂತ ಮೊದಲು ಮಾಸ್ತರರೇ ತೂಕಡಿಸುತ್ತಿದ್ದರು. ಕೊನೆಗೆ ಆ ಡಾಕ್ಟರೇ ಹೇಳಿದರು, ಬಂಟ್ವಾಳಕ್ಕೆ ಬೊಂಬಾಯಿಯಲ್ಲಿ ಕಲಿತ ಒಬ್ಬ ಡಾಕ್ಟರು ಬಂದಿದ್ದಾರೆ, ಈ ಅಲರ್ಜಿಯ ವಿಷಯ ಅವರಿಗೆ ಚೆನ್ನಾಗಿ ಗೊತ್ತುಂಟು, ತೋರಿಸಿ ಎಂದು.

ಅಲರ್ಜಿ ಎಂಬ ಶಬ್ದವನ್ನು ಅತ್ತೆ ಕೇಳಿದ್ದು ಅದೇ ಮೊದಲು.

ಬಂಟ್ವಾಳದ ಡಾಕ್ಟರು ಸಣ್ಣ ಪ್ರಾಯದವರು. ಅವಸರ ಇರಲಿಲ್ಲ. ನಾವು ಮೂವರೂ ಹೇಳಿದ್ದನ್ನು ಪೂರ್ತಿ ಕೇಳಿದರು. ಬೆಕ್ಕನ್ನು ಕಳಿಸಿದರೂ ಕಡಿಮೆಯಾಗಲಿಲ್ಲ ಎಂದು ನಾನು ಹೇಳಿದೆ. ಹೇಳುವಾಗ ನನ್ನ ಸ್ವರದಲ್ಲಿ ಒಂದು ಆಸೆ ಇದ್ದಿರಬೇಕು. ಅವರು ನಕ್ಕರು.

"ಬೆಕ್ಕು ಹೋದರೂ ಅದರ ಮೈಯ ಹೊಟ್ಟು ಮನೆಯಲ್ಲಿ ತಿಂಗಳುಗಟ್ಟಲೆ ಇರ್ತದಮ್ಮ. ಚಾಪೆಯಲ್ಲಿ, ಹಾಸಿಗೆಯಲ್ಲಿ, ಬಟ್ಟೆಯಲ್ಲಿ. ಹಾಗಾಗಿ ಬೆಕ್ಕಲ್ಲ ಅಂತ ಈಗಲೇ ಹೇಳ್ಲಿಕ್ಕೆ ಆಗುವುದಿಲ್ಲ. ಬೆಕ್ಕೇ ಅಂತಲೂ ಹೇಳ್ಲಿಕ್ಕೆ ಆಗುವುದಿಲ್ಲ."

"ಮತ್ತೆ ಹೇಗೆ ಗೊತ್ತಾಗುವುದು?" ಎಂದರು ನನ್ನ ಗಂಡ.

"ಎರಡು ದಾರಿ ಉಂಟು. ಒಂದು, ಚರ್ಮದ ಮೇಲೆ ಸೂಜಿಯಿಂದ ಚುಚ್ಚಿ ನೋಡುವುದು. ಅದಕ್ಕೆ ಮಾತ್ರೆ ನಿಲ್ಲಿಸಬೇಕು. ನಿಮಗೆ ನಿಲ್ಲಿಸಿದರೆ ಉಬ್ಬಸ ಏಳಬಹುದು, ನನಗೆ ಧೈರ್ಯ ಇಲ್ಲ. ಇನ್ನೊಂದು, ರಕ್ತದಲ್ಲಿ ನೋಡುವುದು. ಮಾತ್ರೆ ತಿನ್ನುತ್ತಲೇ ಇರಬಹುದು. ಆದರೆ ಅದು ಇಲ್ಲಿ ಆಗುವುದಿಲ್ಲ, ಮಂಗಳೂರಿನಲ್ಲಿಯೂ ಆಗುವುದಿಲ್ಲ. ನಾನು ಕಲಿತ ಕಡೆ, ಬೊಂಬಾಯಿಗೆ ಕಳಿಸಬೇಕು."

ಅತ್ತೆ ಮುಂದಕ್ಕೆ ಬಾಗಿದರು. "ರಕ್ತದಲ್ಲಿ ಬೆಕ್ಕು ಕಾಣ್ತದಾ ಡಾಕ್ಟ್ರೇ?"

"ಬೆಕ್ಕು ಕಾಣುವುದಿಲ್ಲಮ್ಮ. ಇವರ ರಕ್ತಕ್ಕೆ ಯಾರ ಮೇಲೆ ಸಿಟ್ಟು ಅಂತ ಕಾಣ್ತದೆ. ಧೂಳಿನ ಮೇಲಾ, ಬೆಕ್ಕಿನ ಮೇಲಾ, ಹೂವಿನ ಪುಡಿಯ ಮೇಲಾ. ಒಂದೊಂದನ್ನೇ ಅದರ ಎದುರು ಇಟ್ಟು ನೋಡ್ತಾರೆ."

ಅತ್ತೆ ಒಮ್ಮೆ ನನ್ನ ಕಡೆ ನೋಡಿದರು. "ಮನುಷ್ಯರ ಮೇಲೆ ಇದ್ದರೂ ಗೊತ್ತಾಗ್ತದಾ?"

"ಇಲ್ಲಮ್ಮ, ಅದಕ್ಕೆ ಇನ್ನೂ ಪರೀಕ್ಷೆ ಬಂದಿಲ್ಲ" ಎಂದು ಡಾಕ್ಟರು ಜೋರಾಗಿ ನಕ್ಕರು. ಅತ್ತೆಗೆ ನಿಜವಾಗಿಯೂ ಸಮಾಧಾನವಾದದ್ದು ನನಗೆ ಕಂಡಿತು.

ಆಗ ನನ್ನ ಮೈದುನ ರಜೆಯಲ್ಲಿ ಊರಿಗೆ ಬಂದು, ಹೊರಡುವ ತಯಾರಿಯಲ್ಲಿದ್ದ. ಆ ಕಾಲದಲ್ಲಿ ಗಲ್ಫಿಗೆ ಹೋಗುವವರೆಲ್ಲ ಬಸ್ಸಿನಲ್ಲಿ ಬೊಂಬಾಯಿಗೆ ಹೋಗಿ ಅಲ್ಲಿಂದ ವಿಮಾನ ಹತ್ತುವುದು. "ನಾನೇ ಕೊಂಡುಹೋಗ್ತೇನೆ. ಉಪ್ಪಿನಕಾಯಿ ಕೊಂಡುಹೋಗುವವನಿಗೆ ಅಣ್ಣನ ರಕ್ತ ಭಾರವಾ?" ಎಂದ. ಡಾಕ್ಟರೂ ಒಪ್ಪಿದರು.

ಮೈದುನ ಹೊರಡುವ ದಿನ ಬೆಳಿಗ್ಗೆ ನಾವೆಲ್ಲ ಅವನ ಪೆಟ್ಟಿಗೆ, ಹಗ್ಗ ಬಿಗಿದ ರಟ್ಟಿನ ಡಬ್ಬ ಎಲ್ಲ ಸಹಿತ ಬಂಟ್ವಾಳಕ್ಕೆ ಬಂದೆವು. ನನ್ನ ಗಂಡನ ತೋಳಿಗೆ ರಬ್ಬರು ಪಟ್ಟಿ ಕಟ್ಟಿದಾಗ ಅತ್ತೆ ಗೋಡೆಯ ಕಡೆ ತಿರುಗಿ ನಿಂತರು. ನಾನು ನೋಡುತ್ತಲೇ ಇದ್ದೆ. ಕೆಂಪು ರಕ್ತ ಗಾಜಿನ ನಳಿಗೆಯಲ್ಲಿ ತುಂಬಿತು. ಅದನ್ನು ಹಾಗೆಯೇ ಬೊಂಬಾಯಿಗೆ ಕಳಿಸುತ್ತಾರೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಸ್ವಲ್ಪ ಹೊತ್ತು ಹೆಪ್ಪುಗಟ್ಟಲು ಬಿಟ್ಟು, ಒಂದು ಯಂತ್ರದಲ್ಲಿ ಗರಗರ ತಿರುಗಿಸಿದರು. ಹೊರಗೆ ತೆಗೆದಾಗ ಕೆಂಪೆಲ್ಲ ಅಡಿಗೆ ಕೂತು, ಮೇಲೆ ತಿಳಿಹಳದಿಯ ನೀರು ನಿಂತಿತ್ತು. ಆ ನೀರನ್ನೇ ಚಿಕ್ಕ ಶೀಶೆಗೆ ತೆಗೆದು ಬಾಯಿ ಮುಚ್ಚಿದರು.

"ಇದೆಂತ, ಗಂಜಿತಿಳಿಯ ಹಾಗೆ ಉಂಟು" ಎಂದರು ಅತ್ತೆ, ಈಗ ಧೈರ್ಯವಾಗಿ ತಿರುಗಿ ನೋಡಿ. "ಸಿಟ್ಟೆಲ್ಲ ಇದರಲ್ಲಿಯೇ ಇರುವುದಾ?"

"ಇದರಲ್ಲಿಯೇ" ಎಂದರು ಡಾಕ್ಟರು.

ಶೀಶೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೈದುನ ಮಸ್ಕತ್ತಿನಿಂದ ತಂದಿದ್ದ ಹೂವಿನ ಚಿತ್ರದ ಫ್ಲಾಸ್ಕಿನೊಳಗೆ ಮಂಜುಗಡ್ಡೆಯ ಚೂರುಗಳ ನಡುವೆ ಇಟ್ಟರು. ದಾರಿಯಲ್ಲಿ ಬಸ್ಸು ಊಟಕ್ಕೆ ನಿಂತಲ್ಲಿ ಹೋಟೆಲಿನಿಂದ ಮಂಜುಗಡ್ಡೆ ಕೇಳಿ ಬದಲಾಯಿಸಬೇಕು ಎಂದು ಡಾಕ್ಟರು ಹೇಳಿಕೊಟ್ಟರು. ಮೈದುನ ಫ್ಲಾಸ್ಕನ್ನು ಮಗುವಿನ ಹಾಗೆ ಎದೆಗೆ ಒತ್ತಿಕೊಂಡು ಮಂಗಳೂರಿನ ಬಸ್ಸು ಹತ್ತಿದ.

ಅವನ ಪ್ರಯಾಣದ ಕಥೆ ನಮಗೆ ಗೊತ್ತಾದದ್ದು ಮುಂದಿನ ರಜೆಯಲ್ಲಿ. ಬೊಂಬಾಯಿ ಬಸ್ಸಿನಲ್ಲಿ ಅವನ ಪಕ್ಕ ಒಬ್ಬರು ಅಜ್ಜ ಕೂತಿದ್ದರಂತೆ. ಹುಬ್ಬಳ್ಳಿ ದಾಟುವವರೆಗೂ ಫ್ಲಾಸ್ಕನ್ನೇ ನೋಡಿ ನೋಡಿ, ಕೊನೆಗೆ ತಡೆಯಲಾರದೆ, "ತಮ್ಮಾ, ಒಂದು ಗುಟುಕು ಚಾ ಕೊಡ್ತೀಯಾ? ಹೊರಟಾಗಿನಿಂದ ನೀನೂ ಕುಡಿಯಲಿಲ್ಲ, ಇನ್ನೊಬ್ಬರಿಗೂ ಕೊಡಲಿಲ್ಲ" ಎಂದರಂತೆ. ಇದರಲ್ಲಿ ನನ್ನ ಅಣ್ಣನ ರಕ್ತ ಇರುವುದು ಎಂದು ಇವನು ಹೇಳಿದ್ದಾನೆ. ಅಜ್ಜ ಎದ್ದು ಹಿಂದಿನ ಸೀಟಿಗೆ ಹೋದವರು ಬೊಂಬಾಯಿ ಬರುವವರೆಗೂ ಮುಂದಕ್ಕೆ ಬರಲಿಲ್ಲವಂತೆ. "ಕಾಲು ಚಾಚಿ ಮಲಗ್ಲಿಕ್ಕೆ ಜಾಗ ಆಯ್ತು, ಅತ್ತಿಗೆ" ಎಂದು ಅವನು ನಗುತ್ತಾ ಹೇಳಿದ.

ಶೀಶೆ ಕ್ಷೇಮವಾಗಿ ತಲುಪಿತು. ಉತ್ತರ ಬರಲು ವಾರಗಳು ಹಿಡಿದವು. ಆ ವಾರಗಳಲ್ಲಿ ನನಗೆ ಒಂದು ವಿಚಿತ್ರ ಅನುಭವ. ಗಂಡನ ಕಾಯಿಲೆಯ ಕಾರಣ ಬೇಗ ಗೊತ್ತಾಗಲಿ ಎಂದು ದೇವರಿಗೆ ಕೈಮುಗಿಯುತ್ತಿದ್ದೆ. ಕೈಮುಗಿದ ಮೇಲೆ, ಆ ಕಾರಣ ಬೆಕ್ಕು ಆಗದಿರಲಿ ಎಂದು ಸಣ್ಣ ಸ್ವರದಲ್ಲಿ ಇನ್ನೊಂದು ಸೇರಿಸುತ್ತಿದ್ದೆ. ಬೆಕ್ಕೇ ಎಂದು ಬಂದರೆ ಮತ್ತೆ ಅದನ್ನು ತರುವ ಮಾತೇ ಇಲ್ಲ. ಅಷ್ಟು ಮಾತ್ರ ಅಲ್ಲ. ಬಾವಿಕಟ್ಟೆಯ ಆ ಮಾತು ಒಂದು ರೀತಿಯಲ್ಲಿ ನಿಜವಾಗುತ್ತದೆ. ತವರಿನಿಂದ ನಾನು ತಂದ ಒಂದೇ ಒಂದು ಜೀವ ಈ ಮನೆಯ ಮಗನ ಉಸಿರು ಕಟ್ಟಿಸಿತು ಎಂದಾಗುತ್ತದೆ. ಇದನ್ನು ಯಾರ ಹತ್ತಿರವೂ ಹೇಳಲಿಲ್ಲ. ನನ್ನ ಗಂಡನಿಗೆ ಹೇಗೋ ಅರ್ಥವಾಗಿತ್ತು. ಒಂದು ದಿನ ಪೇಟೆಯಿಂದ ಬರುವಾಗ ಬಾಳೆಎಲೆಯ ಪೊಟ್ಟಣ ತಂದು ಕೊಟ್ಟರು. ಒಳಗೆ ಮಲ್ಲಿಗೆ.

"ಇದರಿಂದ ಸೀನು ಬಂದರೆ?" ಎಂದೆ.

"ಹೇಗೂ ಬರ್ತದೆ. ಮುಡಿದುಕೋ" ಎಂದರು.

ಬೊಂಬಾಯಿಯ ಉತ್ತರ ಬಂದಿದೆ ಎಂದು ಬಂಟ್ವಾಳದಿಂದ ಹೇಳಿಕಳಿಸಿದಾಗ ಅತ್ತೆಯೂ ಹೊರಟು ನಿಂತರು. ಒಳ್ಳೆಯ ಸೀರೆ ಉಟ್ಟಿದ್ದರು. ಪಂಚಾಯತಿಕೆಯ ತೀರ್ಪು ಕೇಳಲು ಹೋಗುವವರ ಹಾಗೆ ನಾವು ಮೂವರೂ ಬಸ್ಸು ಹತ್ತಿದೆವು.

ಡಾಕ್ಟರು ಕಾಗದ ಬಿಡಿಸಿ ಮೇಜಿನ ಮೇಲೆ ಹರಡಿದರು. "ಇಲ್ಲಿ ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಟ್ಟಿದ್ದಾರೆ. ಅಂಕ ಹೆಚ್ಚಾದಷ್ಟು ಸಿಟ್ಟು ಹೆಚ್ಚು. ಮನೆಯ ಧೂಳು, ಒಂದು. ಅದು ಯಾರಿಗೂ ಇರ್ತದೆ. ಹುಲ್ಲಿನ ಹೂವಿನ ಪುಡಿ, ಸೊನ್ನೆ." ಅವರು ಒಂದು ಸಲ ನನ್ನ ಕಡೆ ನೋಡಿದರು. "ಬೆಕ್ಕು, ಸೊನ್ನೆ."

"ಸೊನ್ನೆಯಾ?" ಎಂದೆ.

"ಸೊನ್ನೆ."

ನನ್ನ ಗಂಡ ಮೆಲ್ಲನೆ ಹೇಳಿದರು, "ಇಷ್ಟು ವರ್ಷ ಮಾರ್ಕು ಹಾಕಿದ್ದೇನೆ. ಸೊನ್ನೆ ಬಂದದ್ದಕ್ಕೆ ಕಣ್ಣಲ್ಲಿ ನೀರು ಹಾಕಿಕೊಂಡು ನಗುವವರನ್ನು ಇವತ್ತೇ ನೋಡಿದ್ದು."

ಡಾಕ್ಟರು ಕಾಗದದಿಂದ ತಲೆ ಎತ್ತಲಿಲ್ಲ. "ನಾಯಿ, ಮೂರು" ಎಂದರು. "ನಿಮ್ಮ ಮನೆಯಲ್ಲಿ ನಾಯಿ ಉಂಟಾ?"

ನಾನೂ ನನ್ನ ಗಂಡನೂ ಅತ್ತೆಯ ಕಡೆ ನೋಡಿದೆವು. ಆಮೇಲೆ ಅತ್ತೆಯೇ ಹೇಳಿದರು, "ಉಂಟು. ಆದರೆ ಅದು ನಾಯಿಯ ಹಾಗೆ ಅಲ್ಲ ಡಾಕ್ಟ್ರೇ. ಮಗನ ಹಾಗೆ."

"ಎಲ್ಲಿ ಮಲಗ್ತದೆ?"

ಅತ್ತೆ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡರು. ನನ್ನ ಗಂಡ ಹೇಳಬೇಕಾಯಿತು. ಮೊದಲು ಹೊರಗೆ ಇತ್ತು, ಬೆಕ್ಕು ಬಂದ ಮೇಲೆ ಒಳಗೆ ಬಂತು, ನನ್ನ ಕೋಣೆಯಲ್ಲಿ, ಮೇಜಿನ ಅಡಿಯಲ್ಲಿ, ನನ್ನ ಅಂಗಿಗಳ ಕೆಳಗೆ ಎಂದು. ಹೇಳುತ್ತಾ ಹೋದ ಹಾಗೆ ಅವರ ಸ್ವರ ನಿಧಾನವಾಯಿತು. ಗಣಿತದಲ್ಲಿ ಉತ್ತರ ಸಿಗುವಾಗ ಅವರು ಹಾಗೆಯೇ ನಿಧಾನವಾಗುತ್ತಿದ್ದರು.

"ಹಾಗಾದರೆ ಸರಿ ಹೋಯ್ತು" ಎಂದರು ಡಾಕ್ಟರು. "ಹೊರಗೆ ಇದ್ದಾಗ ಎಲ್ಲ ಗಾಳಿಗೆ ಹಾರಿಹೋಗ್ತಿತ್ತು. ಮುಚ್ಚಿದ ಕೋಣೆಗೆ ಬಂದ ಮೇಲೆ ನಿಮ್ಮ ಉಸಿರಿಗೇ ಬರ್ಲಿಕ್ಕೆ ಸುರುವಾಯ್ತು. ನಾಯಿಯನ್ನು ಬಿಡಬೇಕಂತ ಇಲ್ಲಮ್ಮ, ಹೆದರ್ಬೇಡಿ. ಮೊದಲಿನ ಹಾಗೆ ಹೊರಗೆ ಇರಲಿ. ಕೋಣೆಯನ್ನು ತೊಳೆದು, ಬಟ್ಟೆಯನ್ನೆಲ್ಲ ಕುದಿಯುವ ನೀರಿನಲ್ಲಿ ಹಾಕಿ ಒಗೆಯಿರಿ. ಇವರು ನಾಯಿಯನ್ನು ಮುಟ್ಟಿದರೆ ಕೈ ತೊಳೆಯಲಿ. ನೋಡುವ."

ಮನೆಗೆ ಬಂದ ಅತ್ತೆ, ಕುಣಿದುಕೊಂಡು ಎದುರಿಗೆ ಬಂದ ನಾಯಿಯ ಮುಂದೆ ಮೆಟ್ಟಿಲಲ್ಲಿ ಕೂತು, ಅದರ ಎರಡೂ ಕಿವಿ ಹಿಡಿದು, "ನೀನಾ?" ಎಂದು ಕೇಳಿದರು. ಅದು ಬಾಲ ಅಲ್ಲಾಡಿಸಿತು. ಅವರಿಗೆ ನಗು ತಡೆಯಲಾಗಲಿಲ್ಲ. ನನಗೂ ಆಗಲಿಲ್ಲ. ನಾವಿಬ್ಬರೂ ಅಷ್ಟು ನಕ್ಕದ್ದು ನಾನು ಆ ಮನೆಗೆ ಬಂದ ಮೇಲೆ ಅದೇ ಮೊದಲು.

ಮರುದಿನ ಇಡೀ ಕೋಣೆ ತೊಳೆದೆವು. ಪುಸ್ತಕಗಳನ್ನು ಒಂದೊಂದಾಗಿ ಅಂಗಳಕ್ಕೆ ತಂದು ಒರಸಿ ಬಿಸಿಲಿಗಿಟ್ಟೆವು. ಅಂಗಿಗಳು ಹಂಡೆಯಲ್ಲಿ ಬೆಂದವು. ನನ್ನ ಗಂಡ ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಹಲಗೆ ಹೊಡೆದು ನಾಯಿಗೆ ಒಂದು ಸಣ್ಣ ಮಂಚ ಮಾಡಿದರು. ಮೊದಲ ಎರಡು ಮೂರು ಸಂಜೆ ಅದು ಚಾವಡಿಯ ಬಾಗಿಲಿಗೆ ಬಂದು ಕುಂಯ್‌ಗುಟ್ಟಿತು. ಅತ್ತೆ ತಮ್ಮ ಊಟದ ಬಟ್ಟಲು ತೆಗೆದುಕೊಂಡು ಹೋಗಿ ಕೊಟ್ಟಿಗೆಯಲ್ಲಿ ಅದರ ಪಕ್ಕವೇ ಕೂತು ಉಂಡರು. ಆಮೇಲೆ ಅದು ಒಗ್ಗಿಕೊಂಡಿತು.

ಸೀನು ಒಂದೇ ದಿನದಲ್ಲಿ ನಿಂತಿತು ಎಂದು ಹೇಳಿದರೆ ಸುಳ್ಳಾದೀತು. ಕಡಿಮೆಯಾಗುತ್ತಾ ಬಂತು. ಯಾವಾಗ ಪೂರ್ತಿ ನಿಂತಿತು ಎಂದು ನಮಗೇ ಗೊತ್ತಾಗಲಿಲ್ಲ. ಒಂದು ಬೆಳಿಗ್ಗೆ ಅವರು ಅಂಗಿ ಹಾಕಿಕೊಂಡು, ಕೊಡೆ ತೆಗೆದುಕೊಂಡು, ಸುಮ್ಮನೆ ಗೇಟು ದಾಟಿ ಹೋದರು. ಅಡುಗೆಮನೆಯಿಂದ ಅತ್ತೆ "ಹೋದನಾ? ಸದ್ದೇ ಇಲ್ಲ!" ಎಂದಾಗ ನಾವು ಮುಖ ಮುಖ ನೋಡಿಕೊಂಡೆವು.

ಅದೇ ವಾರ ನಾನು ಬೆಳ್ತಂಗಡಿಗೆ ಹೋಗಬೇಕಾಗಿತ್ತು. ಟೀಚರ್ ಟ್ರೈನಿಂಗ್ ಮುಗಿಸಿದ್ದ ನನಗೆ ಅಲ್ಲೊಂದು ಶಾಲೆಯಲ್ಲಿ ಕೆಲಸದ ಸಂದರ್ಶನ ಇತ್ತು. ಸಂಜೆ ಮನೆಗೆ ಬಂದಾಗ ಬಾಗಿಲಿಗೆ ಚಿಲಕ. ಅತ್ತೆ ಒಬ್ಬರೇ ಎಲ್ಲಿಗೂ ಹೋಗುವವರಲ್ಲ. ಪೇಟೆಗೆ ಹೋಗುವುದಾದರೂ ಯಾರಾದರೂ ಜೊತೆಗೆ ಬೇಕು. ನನಗೆ ಗಾಬರಿಯಾಯಿತು. ಪಕ್ಕದ ಮನೆಯಲ್ಲಿ ಕೇಳಿದೆ, ಅವರಿಗೂ ಗೊತ್ತಿಲ್ಲ. ರಸ್ತೆಯವರೆಗೆ ಬಂದು ನಿಂತೆ. ಬಿ.ಸಿ.ರೋಡ್ ಕಡೆಯಿಂದ ಬಸ್ಸೊಂದು ಬಂದು ನಿಂತಿತು. ಮೊದಲು ಒಂದು ಬುಟ್ಟಿ ಇಳಿಯಿತು, ಕಂಡಕ್ಟರನ ಕೈಯಲ್ಲಿ. ಅದರ ಹಿಂದೆ ಅತ್ತೆ, ಕೂದಲೆಲ್ಲ ಕೆದರಿ, ಬೆವರಿ, ಒಂದು ಕೈಯಿಂದ ಸೆರಗು ಸರಿಮಾಡಿಕೊಳ್ಳುತ್ತಾ ಇಳಿದರು.

ಬುಟ್ಟಿಯೊಳಗಿನಿಂದ ಪರಿಚಯದ ಸ್ವರ ಕೇಳಿತು.

"ಮಾಮಿ, ವಿಟ್ಲಕ್ಕೆ ಒಬ್ಬರೇ ಹೋಗಿದ್ದಿರಾ? ನಾನೇ ಹೋಗ್ತಿದ್ದೆನಲ್ಲ!"

"ಕಳಿಸು ಅಂದವಳು ನಾನು. ತರುವವಳೂ ನಾನೇ ಆಗಬೇಕು" ಎಂದರು ಅವರು. ಆಮೇಲೆ, ಹೆಚ್ಚು ಮಾತಾದೀತು ಎಂದು ಹೆದರಿದವರ ಹಾಗೆ, "ನಿನ್ನ ಚಿಕ್ಕಮ್ಮ ಬಿಡ್ಲಿಕ್ಕೆ ತಯಾರಿರಲಿಲ್ಲ. ಭಾರೀ ಪ್ರೀತಿ ಆಗಿತ್ತು ಅವರಿಗೆ. ಒಂದು ಮರಿ ಕೊಡ್ತೇವೆ ಅಂತ ಹೇಳಿ ಬಂದಿದ್ದೇನೆ."

"ಮರಿ ಎಲ್ಲಿಂದ?"

"ಹೊಟ್ಟೆ ನೋಡು" ಎಂದರು ಅತ್ತೆ. ಮುಚ್ಚಳ ತೆಗೆದು ನೋಡಿದೆ. ನನ್ನ ಬೆಕ್ಕು ಎರಡು ಪಾಲು ದಪ್ಪವಾಗಿ, ವಿಟ್ಲದಲ್ಲಿ ತನಗೆ ಎಂಥ ಕಷ್ಟವೂ ಆಗಿರಲಿಲ್ಲ ಎಂಬಂತೆ ನನ್ನನ್ನು ನೋಡಿತು. ಬುಟ್ಟಿಯ ಒಂದು ಕಿವಿ ಅವರು, ಇನ್ನೊಂದು ನಾನು ಹಿಡಿದುಕೊಂಡು ಮನೆಗೆ ನಡೆದೆವು.

ನಾಯಿ ಮತ್ತು ಬೆಕ್ಕಿನ ಪಂಚಾಯತಿಕೆ ಮತ್ತೆ ನಮ್ಮ ಮುಂದೆ ಬಂತು. ಈ ಸಲ ರಾತ್ರಿ ಒಳಗೆ ಉಳಿಯುವುದು ಬೆಕ್ಕು ಎಂದು ತೀರ್ಮಾನವಾಯಿತು. ಅಡುಗೆಮನೆಯ ಕಿಟಕಿಗೆ ಬಲೆ ಬಂತು. ಹಗಲಿನಲ್ಲಿ ಎರಡೂ ಒಂದನ್ನೊಂದು ಕಂಡರೆ ಹಲ್ಲು ಕಿರಿಯುತ್ತಿದ್ದವು, ಆದರೆ ಅತ್ತೆ ನಡುವೆ ಮೀನು ಕುಯ್ಯಲು ಕೂತರೆ ಎರಡೂ ಸಭ್ಯರಾಗಿ ಅಕ್ಕಪಕ್ಕ ಕೂರುತ್ತಿದ್ದವು. ನನಗೆ ಬೆಳ್ತಂಗಡಿಯ ಶಾಲೆಯಲ್ಲಿ ಕೆಲಸ ಸಿಕ್ಕಿತು. ನಾನು ಬೆಳಿಗ್ಗೆ ಹೋಗಿ ಸಂಜೆ ಬರುವವರೆಗೆ ಬೆಕ್ಕು ಅತ್ತೆಯ ಕೈಯಲ್ಲಿಯೇ ಉಣ್ಣತೊಡಗಿತು. ನನಗೆ ಸಣ್ಣ ಹೊಟ್ಟೆಕಿಚ್ಚು ಆದದ್ದು ನಿಜ.

ಬೆಕ್ಕು ಮರಿ ಹಾಕಿದ್ದು ಒಂದು ಭಾನುವಾರ ಬೆಳಿಗ್ಗೆ. ಎಲ್ಲಿ ಎಂದು ಮನೆಯೆಲ್ಲ ಹುಡುಕಿದೆವು. ಸಿಕ್ಕಿದ್ದು ಆ ಸಣ್ಣ ಕೋಣೆಯ ಕಪಾಟಿನಲ್ಲಿ, ನನ್ನ ಗಂಡ ಇಸ್ತ್ರಿ ಹಾಕಿ ಮಡಚಿಟ್ಟ ಅಂಗಿಗಳ ಮೇಲೆ. ಅವರು ಬಗ್ಗಿ, ಕಣ್ಣು ಬಿಡದ ಆ ಮರಿಗಳ ಹತ್ತಿರಕ್ಕೆ ಮುಖ ತಂದು, ಬೇಕೆಂದೇ ಆಳವಾಗಿ ಉಸಿರೆಳೆದುಕೊಂಡರು. ಅತ್ತೆಯೂ ನಾನೂ ಅವರ ಮೂಗನ್ನೇ ನೋಡುತ್ತಾ ನಿಂತೆವು.

ಏನೂ ಆಗಲಿಲ್ಲ.

"ಅಂಗಿ ಹೋಯ್ತು" ಎಂದರು ಅವರು. "ನಾಳೆ ಶಾಲೆಗೆ ಎಂತ ಹಾಕುವುದು?"

"ನಿನ್ನೆಯದ್ದೇ ಹಾಕು" ಎಂದರು ಅತ್ತೆ. "ಮಕ್ಕಳು ನಿನ್ನ ಅಂಗಿ ನೋಡ್ಲಿಕ್ಕೆ ಬರುವುದಾ?" ಹಾಗೆಂದವರೇ ಮರಿಗಳಿಗೆ ಗಾಳಿ ಬೀಸಬಾರದೆಂದು ಕಪಾಟಿನ ಬಾಗಿಲನ್ನು ಅರ್ಧ ಸರಿಸಿ, ಹಾಲು ಬಿಸಿಮಾಡಲು ಒಳಗೆ ಹೋದರು.